ಮೊದಲು ಊರಿನ ನಂಬರು, ಆಮೇಲೆ ಅಲ್ಲಿನ ಸಿಮ್

ಮಕ್ಕಳ ಮನೆಗೆಂದು ವಿದೇಶಕ್ಕೆ ಹೊರಟಿರುವ ಫಳ್ನೀರಿನ ಹಿರಿಯರಿಗೆ,

ನಮ್ಮ ಮಂಗಳೂರಿನ ಫಳ್ನೀರ್, ಕಂಕನಾಡಿ, ಅತ್ತಾವರದ ಫ್ಲ್ಯಾಟುಗಳಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಮನೆಗಳು ಬೇಕಾದಷ್ಟಿವೆ. ಮಕ್ಕಳು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾರೆ, ಇಲ್ಲವೇ ಟೊರಾಂಟೊ, ಮೆಲ್ಬರ್ನ್ ಕಡೆ ನೆಲೆಸಿರುತ್ತಾರೆ. ಮಗಳ ಬಾಣಂತನ, ಮೊಮ್ಮಗುವಿನ ನಾಮಕರಣ, ಮಗ ಕೊಂಡ ಹೊಸ ಮನೆ ಹೀಗೆ ಒಂದಲ್ಲ ಒಂದು ನೆಪದಲ್ಲಿ ನೀವು ಬಜ್ಪೆ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತೀರಿ. ಹೊರಡುವ ವಾರ ಸೂಟ್‌ಕೇಸಿನ ತೂಕ, ಬಿಪಿ ಮಾತ್ರೆ, ಡಾಕ್ಟರ ಚೀಟಿ, ಇನ್ಶೂರೆನ್ಸ್ ಎಲ್ಲ ನೋಡಿಯಾದ ಮೇಲೆ ಕೊನೆಗೆ ಬರುವ ಪ್ರಶ್ನೆ ಒಂದೇ: ಅಲ್ಲಿ ಯಾವ ಸಿಮ್ ತೆಗೆದುಕೊಂಡರೆ ಒಳ್ಳೆಯದು? ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಇದನ್ನು ಎರಡನೆಯದಾಗಿ ಕೇಳಿ ಎಂದು ಹೇಳುವುದಕ್ಕೆ ಈ ಪತ್ರ. ಮೊದಲ ಪ್ರಶ್ನೆ ಬೇರೆ ಇದೆ. ನೀವು ಅಲ್ಲಿರುವಷ್ಟು ದಿನವೂ ಊರಿನ ನಂಬರು ಜೀವಂತವಾಗಿ ಇರುತ್ತದೆಯೇ? ಅದು ನಿಮ್ಮ ಕೈಯಲ್ಲಿರುವ ಫೋನಿನೊಳಗೇ ಇರುತ್ತದೆಯೇ? ಇದಕ್ಕೆ ಫಳ್ನೀರಿನಲ್ಲೇ ಉತ್ತರ ಹುಡುಕಿಕೊಂಡರೆ ಅಲ್ಲಿನ ಸಿಮ್ ಆಯ್ಕೆ ಅರ್ಧ ಗಂಟೆಯ ಕೆಲಸ. ಹುಡುಕದೆ ಹೊರಟರೆ ಎಷ್ಟೇ ಅಗ್ಗದ ಸಿಮ್ ಸಿಕ್ಕಿದರೂ ನಷ್ಟವೇ.

ಹೀಗೇಕೆ ಎಂದು ತಿಳಿಯಲು ಮೊಬೈಲ್ ನಂಬರಿನ ಕೆಲಸ ನಮ್ಮ ಕಣ್ಣೆದುರೇ ಹೇಗೆ ಬದಲಾಯಿತು ಎಂಬುದನ್ನು ನೋಡಬೇಕು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಬರುವ ಕರೆಗೂ ದುಡ್ಡು ಕೊಡುವ ಕಾಟ ತಪ್ಪಿದ್ದು 2003ರಲ್ಲಿ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ 2006ರಲ್ಲೂ ನಂಬರೆಂದರೆ ಮಾತಿಗೆ ಮಾತ್ರ ಬೇಕಾದ ವಸ್ತು. ದೇಶ ಬಿಡುವಾಗ ಸಿಮ್ ತೆಗೆದು ಪರ್ಸಿನಲ್ಲಿಟ್ಟು, ತಿರುಗಿ ಬಂದ ಮೇಲೆ ಹಾಕಿಕೊಂಡರೆ ನಡೆಯುತ್ತಿತ್ತು. ಆಮೇಲೆ ಒಂದೊಂದೇ ಹೊಣೆ ಅದರ ಹೆಗಲೇರಿತು. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ ಇನ್ನೊಂದು ಹಂತದ ದೃಢೀಕರಣವನ್ನು ಕಡ್ಡಾಯ ಮಾಡಿತು. ಕ್ರಮೇಣ ಆ ಜಾಗಕ್ಕೆ ಎಸ್‌ಎಂಎಸ್ ಒಟಿಪಿ ಬಂದು ಕೂತಿತು. 2016ರಲ್ಲಿ ಯುಪಿಐ ಬಂದು ಖಾತೆಯನ್ನು ನೇರವಾಗಿ ನಂಬರಿಗೆ ಕಟ್ಟಿಹಾಕಿತು. ಇಂದು ಆಧಾರ್, ಫಿಕ್ಸೆಡ್ ಡೆಪಾಸಿಟ್, ಪಿಂಚಣಿ ಖಾತೆ, ಆದಾಯ ತೆರಿಗೆ, ಮೆಸ್ಕಾಂ ಬಿಲ್, ವಾಟ್ಸಾಪ್ ಎಲ್ಲದಕ್ಕೂ ಅದೇ ಹತ್ತು ಅಂಕಿ. ಮಾತು ವಾಟ್ಸಾಪಿನಲ್ಲೋ ಬೇರೆ ಸಿಮ್ಮಿನಲ್ಲೋ ನಡೆದೀತು. ಗುರುತು ಮಾತ್ರ ಈ ನಂಬರಿನಲ್ಲಿ ಬೇರುಬಿಟ್ಟಿದೆ. ಮನೆಯ ಕೀಲಿಕೈಯನ್ನು ಯಾರೂ ಮೇಜಿನ ಮೇಲೆ ಬಿಟ್ಟು ಊರಿಗೆ ಹೋಗುವುದಿಲ್ಲ. ಸಿಮ್ಮನ್ನು ಮಾತ್ರ ಹಾಗೆ ಬಿಟ್ಟು ಹೋಗುವವರು ಇನ್ನೂ ಇದ್ದಾರೆ.

ಬಿಟ್ಟು ಹೋದ ಪ್ರೀಪೇಯ್ಡ್ ನಂಬರಿನ ಗತಿ ಏನೆಂಬುದಕ್ಕೆ ಕಾನೂನೇ ಉತ್ತರ ಕೊಡುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲಿ ಮಾಡಿದ ನಿಯಮದಂತೆ ತೊಂಬತ್ತು ದಿನ ಬಳಕೆಯೇ ಇಲ್ಲದ ನಂಬರನ್ನು ಕಂಪೆನಿ ಕಡಿದುಹಾಕಬಹುದು. ಇಪ್ಪತ್ತು ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು ನಂಬರನ್ನು ಉಳಿಸಬೇಕು ಎಂಬ ರಕ್ಷಣೆಯೂ ಆ ನಿಯಮದಲ್ಲಿದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಈಗ ಹಾಕಿಸುವುದು ಪ್ಲ್ಯಾನ್; ಮುಖ್ಯ ಬ್ಯಾಲೆನ್ಸ್ ಸೊನ್ನೆಯಾಗಿಯೇ ಇರುತ್ತದೆ. ಪ್ಲ್ಯಾನ್ ಮುಗಿದ ಸ್ವಲ್ಪ ದಿನಕ್ಕೆ ಬರುವ ಕರೆ, ಬರುವ ಎಸ್‌ಎಂಎಸ್ ಕೂಡ ನಿಲ್ಲುತ್ತವೆ. ನಂಬರು ರದ್ದಾದ ಮೇಲೆ ಇನ್ನೊಂದು ತೊಂಬತ್ತು ದಿನ ಕಳೆದರೆ ಅದನ್ನು ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಸಂದೇಶ ಯಾರದೋ ಕೈಯಲ್ಲಿ. ರದ್ದಾದ ನಂಬರುಗಳ ಪಟ್ಟಿಯನ್ನು ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದ್ದು ಈ ಅಪಾಯದಿಂದಲೇ. ಅಂದರೆ ಸತ್ತ ನಂಬರು ಬ್ಯಾಂಕಿನ ಪುಸ್ತಕದಿಂದಲೂ ಅಳಿದುಹೋಗಬಹುದು. ಮತ್ತೆ ಸೇರಿಸಲು ಶಾಖೆಗೆ ಅಲೆದಾಟ. ಇದಕ್ಕೆ ಇನ್ನೊಂದು ಸೇರಿಕೊಂಡಿದೆ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆ ವಾಟ್ಸಾಪಿನಂಥ ಸಂದೇಶ ಆಪ್‌ಗಳಿಗೆ, ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಖಾತೆ ನಡೆಯುವಂತೆ ಮಾಡಿ ಎಂದು ನಿರ್ದೇಶನ ಕೊಟ್ಟಿತು. ಸಿಮ್ ಫೋನಿನಲ್ಲೇ ಇದ್ದು ರೋಮಿಂಗ್‌ನಲ್ಲಿರುವವರಿಗೆ ತೊಂದರೆಯಿಲ್ಲ ಎಂದು ಇಲಾಖೆ ಸ್ಪಷ್ಟನೆಯನ್ನೂ ಕೊಟ್ಟಿದೆ. ಊರಿನ ಸಿಮ್ಮನ್ನು ತೆಗೆದು ಡಬ್ಬಿಯಲ್ಲಿಡುವ ಹಳೆಯ ಅಭ್ಯಾಸದ ಕಾಲ ಮುಗಿಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸೂಚನೆ ಬೇಕಿಲ್ಲ.

ಹಾಗಾದರೆ ಹೊರಡುವ ಮೊದಲು ಮಾಡಬೇಕಾದ್ದೇನು? ಮೊದಲನೆಯದು ವ್ಯಾಲಿಡಿಟಿ. ಅಲ್ಲಿ ಇರುವ ದಿನಗಳಿಗೆ ಇನ್ನೊಂದು ತಿಂಗಳು ಸೇರಿಸಿ ರೀಚಾರ್ಜ್ ಮಾಡಿಸಿ. 2024ರ ಡಿಸೆಂಬರಿನಲ್ಲಿ ಟ್ರಾಯ್ ಮಾಡಿದ ತಿದ್ದುಪಡಿಯಿಂದ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನುಗಳನ್ನು ಕಂಪೆನಿಗಳು ಕೊಡಲೇಬೇಕು. ವಿಶೇಷ ವೋಚರುಗಳ ಅವಧಿಯ ಮಿತಿಯೂ ತೊಂಬತ್ತು ದಿನದಿಂದ 365 ದಿನಕ್ಕೆ ಏರಿದೆ. ಆರು ತಿಂಗಳು ದೇಶದಲ್ಲೇ ಇಲ್ಲದವರಿಗೆ ದಿನಕ್ಕೆರಡು ಜಿಬಿಯ ದುಬಾರಿ ಪ್ಲ್ಯಾನ್ ಯಾಕೆ? ಡೇಟಾ ಇಲ್ಲದ ಪ್ಲ್ಯಾನನ್ನೇ ಹೆಸರು ಹಿಡಿದು ಕೇಳಿ ಪಡೆಯಿರಿ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಎರಡನೆಯದು ಇಂಟರ್‌ನ್ಯಾಷನಲ್ ರೋಮಿಂಗ್. ಪ್ಯಾಕ್ ಹಾಕಿಸದಿದ್ದರೂ ಈ ಸೇವೆ ಚಾಲೂ ಆಗಿರಬೇಕು. ಇಲ್ಲವಾದರೆ ಅಲ್ಲಿ ಇಳಿದಾಗ ಸಿಮ್ಮಿಗೆ ನೆಟ್‌ವರ್ಕೇ ಬಾರದು, ಒಟಿಪಿಯೂ ಬಾರದು. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್ಸಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಆದರೆ ಬರುವ ಕರೆಯನ್ನು ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ನಿಮ್ಮ ಕಂಪೆನಿಯ ಷರತ್ತು ಏನೆಂದು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಮೂರನೆಯದು ಫೋನಿನ ಸೆಟ್ಟಿಂಗ್. ಎರಡು ಸಿಮ್ಮಿನ ಫೋನಿನಲ್ಲಿ ಊರಿನ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್ ಇರಲಿ. ಒಂದು ಸಿಮ್ಮಿನ ಡೇಟಾ ಸಿಗದಾಗ ಇನ್ನೊಂದಕ್ಕೆ ತಾನಾಗಿ ಹಾರುವ ಆಯ್ಕೆಯೂ ಆಫ್ ಇರಲಿ. ಫೋನಿನಲ್ಲಿ ಒಂದೇ ಸಿಮ್ ಜಾಗವಿದ್ದು ಊರಿನ ನಂಬರನ್ನು ಇ-ಸಿಮ್‌ಗೆ ಬದಲಿಸುವುದಾದರೆ ಕನಿಷ್ಠ ಒಂದು ವಾರ ಮೊದಲೇ ಮಾಡಿಸಿ. ಸಿಮ್ ಬದಲಾದ ಮೇಲೆ ಇಪ್ಪತ್ನಾಲ್ಕು ಗಂಟೆ ಎಸ್‌ಎಂಎಸ್ ತಡೆಹಿಡಿಯಬೇಕೆಂಬುದು ಸಿಮ್ ಕಳ್ಳರನ್ನು ತಡೆಯಲು ದೂರಸಂಪರ್ಕ ಇಲಾಖೆ ತಂದ ನಿಯಮ. ವಿಮಾನ ಹತ್ತುವ ದಿನವೇ ಬದಲಿಸಿದರೆ ಸಿಕ್ಕಿಹಾಕಿಕೊಳ್ಳುವವರು ನೀವು.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಪ್ರೀತಿಯಿಂದಲೇ ಬರುವ ತೊಂದರೆ ಇದು. ಅಲ್ಲಿ ಹೋದ ವಾರದಲ್ಲೇ ಮಗ ಹೊಸ ಫೋನ್ ತಂದುಕೊಡುತ್ತಾನೆ, ಹಳೆಯದನ್ನು ಬಿಸಾಡಿ ಎನ್ನುತ್ತಾನೆ. ಯುಪಿಐ ಮತ್ತು ಬ್ಯಾಂಕ್ ಆಪ್‌ಗಳನ್ನು ಹೊಸ ಫೋನಿನಲ್ಲಿ ಕೂರಿಸುವಾಗ, ನೋಂದಾಯಿತ ಸಿಮ್ ಅದರಲ್ಲೇ ಇದೆಯೆಂದು ತಿಳಿಯಲು ಆಪ್ ಆ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ. ರೋಮಿಂಗ್‌ನಲ್ಲಿ ಹೊರಹೋಗುವ ಎಸ್‌ಎಂಎಸ್ಸಿಗೆ ದುಡ್ಡು ಬೇಕು, ಕಳಿಸಿದರೂ ತಲುಪುವ ಭರವಸೆ ಕಡಿಮೆ. ಇಷ್ಟು ಸಾಲದೆಂಬಂತೆ, ಕೊಲ್ಲಿಯ ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್‌ಗಳಲ್ಲಿ ಮಾರುವ ಐಫೋನ್ 17ರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಅದಕ್ಕೆ ಇ-ಸಿಮ್ ಒಂದೇ ದಾರಿ. ಅಮೆರಿಕದಲ್ಲಿ ಮಾರುವ ಐಫೋನುಗಳು 2022ರಿಂದಲೇ ಹಾಗಿವೆ. ನಿಮ್ಮ ಊರಿನ ಸಿಮ್ ಪ್ಲಾಸ್ಟಿಕ್ಕಿನದಾದರೆ ಅಂಥ ಫೋನಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಉಡುಗೊರೆ ಬೇಡ ಎನ್ನುವುದಿಲ್ಲ. ಬ್ಯಾಂಕಿನ ಆಪ್ ಇರುವ ಹಳೆಯ ಫೋನನ್ನು ಮಂಗಳೂರಿಗೆ ಮರಳುವ ತನಕ ಹಾಗೆಯೇ ಇಟ್ಟುಕೊಳ್ಳಿ, ವರ್ಗಾವಣೆಯನ್ನು ಇಲ್ಲಿಗೆ ಬಂದ ಮೇಲೆ ಮಾಡಿ.

ಊರಿನ ನಂಬರಿನ ವ್ಯವಸ್ಥೆ ಇಷ್ಟಾಯಿತು ಎಂದಾದರೆ ಎರಡನೇ ಪ್ರಶ್ನೆ ಸರಳವಾಗುತ್ತದೆ. ಅಲ್ಲಿನ ಸಿಮ್ಮಿನ ಕೆಲಸ ಮಾತು ಮತ್ತು ಡೇಟಾ, ಅಷ್ಟೇ. ಅದನ್ನು ಆರಿಸುವಾಗ ಕಂಪೆನಿಯ ಹೆಸರಿಗಿಂತ ಇರುವ ದಿನಗಳೇ ಮುಖ್ಯ. ನಮ್ಮ ಕಂಪೆನಿಗಳ ರೋಮಿಂಗ್ ಪ್ಯಾಕಿಗೆ ಬೆಲೆ ಕಟ್ಟುವುದು ದಿನದ ಲೆಕ್ಕದಲ್ಲಿ. ಒಂದು ವಾರ ಹತ್ತು ದಿನದ ಪ್ರವಾಸಕ್ಕೆ ಅದೇ ಸಾಕು, ಬೇರೆ ಸಿಮ್ಮಿನ ಗೋಜೇ ಬೇಡ. ಆದರೆ ನಿಮ್ಮ ಪ್ರಯಾಣ ಅಂಥದ್ದಲ್ಲ. ಯುಎಇ ವಿಸಿಟ್ ವೀಸಾ ಎಂದರೆ ಮೂವತ್ತೋ ಅರವತ್ತೋ ದಿನ; ಷೆಂಗೆನ್ ವೀಸಾದಲ್ಲಿ ತೊಂಬತ್ತು ದಿನದವರೆಗೆ; ಬ್ರಿಟನ್ನಿನಲ್ಲಿ ಆರು ತಿಂಗಳವರೆಗೆ; ಅಮೆರಿಕಕ್ಕೆ ಹೋದವರೂ ಸಾಮಾನ್ಯವಾಗಿ ಅಷ್ಟೇ ಕಾಲ ಇರಬಹುದು. ಅಷ್ಟು ದಿನ ರೋಮಿಂಗ್ ಪ್ಯಾಕಿನಲ್ಲಿ ಕಳೆಯುವುದು ಲೆಕ್ಕ ಬಲ್ಲವರ ಕೆಲಸವಲ್ಲ. ಅಲ್ಲಿನ ಪ್ರೀಪೇಯ್ಡ್ ಸಿಮ್ಮೇ ಸರಿ. ಪೋಸ್ಟ್‌ಪೇಯ್ಡ್ ಬೇಡ; ಪ್ರೀಪೇಯ್ಡ್‌ನಲ್ಲಿ ದುಡ್ಡು ಮುಗಿದರೆ ಸೇವೆ ನಿಲ್ಲುತ್ತದೆಯೇ ಹೊರತು ಊರಿಗೆ ಮರಳಿದ ಮೇಲೆ ಬಿಲ್ ಬೆನ್ನಟ್ಟಿ ಬರುವುದಿಲ್ಲ. ಯುಎಇಯಲ್ಲಿ ಎತಿಸಲಾತ್ ಮತ್ತು ಡು, ಕತಾರಿನಲ್ಲಿ ಊರೆಡು ಮತ್ತು ವೊಡಾಫೋನ್, ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಮುಖ್ಯ ಕಂಪೆನಿಗಳು. ಪೇಟೆಯೊಳಗೆ ಇವುಗಳ ನೆಟ್‌ವರ್ಕಿನಲ್ಲಿ ನಿಮಗೆ ತಿಳಿಯುವಷ್ಟು ವ್ಯತ್ಯಾಸವಿರುವುದಿಲ್ಲ. ಮಗನ ಮನೆಯೊಳಗೆ ಯಾವುದರ ಸಿಗ್ನಲ್ ಚೆನ್ನಾಗಿದೆಯೋ ಅದೇ ನಿಮಗೂ ಒಳ್ಳೆಯದು. ಪಾಸ್‌ಪೋರ್ಟ್ ಎಲ್ಲ ಕಡೆಯೂ ಕೈಯಲ್ಲಿರಲಿ. ಸೌದಿಯಲ್ಲಿ 2016ರಿಂದ ಬೆರಳಚ್ಚನ್ನೂ ಕೊಡಬೇಕು.

ಕೊಲ್ಲಿಗೆ ಹೋಗುವವರು ಬೆಲೆಗಿಂತ ಮೊದಲು ತಿಳಿಯಬೇಕಾದದ್ದು ವಾಟ್ಸಾಪ್ ಕರೆಯ ವಿಷಯ. ಯುಎಇಯ ಸ್ಥಳೀಯ ನೆಟ್‌ವರ್ಕಿನಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಫೋಟೋ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಅಲ್ಲಿನ ನಿಯಂತ್ರಣ ಸಂಸ್ಥೆ ಬೋಟಿಮ್‌ನಂಥ ಕೆಲವೇ ಆಪ್‌ಗಳಿಗೆ ಅನುಮತಿ ಕೊಟ್ಟಿದೆ. ಕತಾರ್, ಒಮಾನ್‌ಗಳಲ್ಲೂ ಇಂಥ ನಿರ್ಬಂಧ ಉಂಟು. ಸೌದಿ 2017ರಲ್ಲಿ ಇಂಟರ್‌ನೆಟ್ ಕರೆಗಳ ಮೇಲಿನ ನಿಷೇಧವನ್ನು ತೆಗೆಯಿತು. ಇಲ್ಲಿ ಒಂದು ತಾಂತ್ರಿಕ ವಿಚಿತ್ರವಿದೆ. ಭಾರತದ ಸಿಮ್ ರೋಮಿಂಗ್‌ನಲ್ಲಿರುವಾಗ ಅದರ ಡೇಟಾ ಸಾಮಾನ್ಯವಾಗಿ ನಮ್ಮ ಕಂಪೆನಿಯ ಜಾಲದವರೆಗೆ ಬಂದು ಅಲ್ಲಿಂದ ಇಂಟರ್‌ನೆಟ್ಟಿಗೆ ಇಳಿಯುತ್ತದೆ. ಹಾಗಾಗಿ ಪಕ್ಕದಲ್ಲೇ ಕೂತವರ ಸ್ಥಳೀಯ ಸಿಮ್ಮಿನಲ್ಲಿ ಹೋಗದ ಕರೆ ರೋಮಿಂಗ್ ಸಿಮ್ಮಿನಲ್ಲಿ ಹೋಗುವುದುಂಟು. ಇದನ್ನು ಕಂಡು ‘ಊರಿನ ಸಿಮ್ಮೇ ಮೇಲು’ ಎಂದು ಎರಡು ತಿಂಗಳು ರೋಮಿಂಗ್ ಡೇಟಾ ಸುಡಬೇಡಿ, ‘ವಿಪಿಎನ್ ಹಾಕಿಕೊಳ್ಳಿ’ ಎನ್ನುವವರ ಮಾತನ್ನೂ ಕೇಳಬೇಡಿ. ವಿಪಿಎನ್ ಬಳಸಿ ಅಪರಾಧ ಎಸಗಿದರೆ ಯುಎಇ ಕಾನೂನಿನಲ್ಲಿ ಐದು ಲಕ್ಷದಿಂದ ಇಪ್ಪತ್ತು ಲಕ್ಷ ದಿರ್ಹಮ್ ತನಕ ದಂಡವಿದೆ. ಅದರ ಗಡಿ ಎಲ್ಲಿ ಎಂದು ಪರೀಕ್ಷಿಸುವುದು ಅಜ್ಜ ಅಜ್ಜಿಯರ ಕೆಲಸವಲ್ಲ. ಹೊರಡುವ ಮೊದಲೇ ಅನುಮತಿ ಇರುವ ಆಪನ್ನು ನಿಮ್ಮ ಫೋನಿಗೂ, ಊರಿನಲ್ಲಿ ಉಳಿಯುವ ತಮ್ಮನ ಅಥವಾ ತಂಗಿಯ ಫೋನಿಗೂ ಹಾಕಿಸಿ, ಒಂದು ಸಲ ಮಾತಾಡಿ ನೋಡಿ.

ಪಶ್ಚಿಮದ ಕಡೆ ಹೋಗುವವರ ತೊಡಕು ಬೇರೆ. ಐರೋಪ್ಯ ಒಕ್ಕೂಟದಲ್ಲಿ 2017ರ ಜೂನ್ 15ರಿಂದ, ಒಂದು ದೇಶದ ಸಿಮ್ ಇನ್ನೊಂದು ಸದಸ್ಯ ದೇಶದಲ್ಲೂ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲದೆ ನಡೆಯಬೇಕು ಎಂಬ ನಿಯಮವಿದೆ. 2032ರವರೆಗೆ ಅದು ಮುಂದುವರಿದಿದೆ. ಜರ್ಮನಿಯಲ್ಲಿ ಕೊಂಡ ಸಿಮ್ ಇಟಲಿಯಲ್ಲೂ ಸಾಕು. ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಎಚ್ಚರ ಬೇಕು. ಷೆಂಗೆನ್ ವೀಸಾ ಅಲ್ಲಿಗೂ ಸಲ್ಲುತ್ತದೆ, ಆದರೆ ಆ ದೇಶ ಒಕ್ಕೂಟದಲ್ಲಿಲ್ಲ. ವೀಸಾ ನಡೆಯುವ ಕಡೆಯೆಲ್ಲ ಸಿಮ್ಮೂ ನಡೆಯುತ್ತದೆ ಎಂದು ಭಾವಿಸಿದವರು ಮೊದಲು ಎಡವುವುದು ಅಲ್ಲೇ. ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಸಮಸ್ಯೆ ಫೋನಿನದು. ಅಮೆರಿಕದ ಕಂಪೆನಿಗಳು 2022ರಲ್ಲಿ, ಆಸ್ಟ್ರೇಲಿಯಾದವು 2024ರ ಅಕ್ಟೋಬರಿನ ಹೊತ್ತಿಗೆ 3ಜಿ ಮುಚ್ಚಿದವು. ಈಗ ಕರೆಯೂ 4ಜಿ ಮೇಲೆಯೇ ಹೋಗಬೇಕು. ಎಟಿ ಆ್ಯಂಡ್ ಟಿಯಂಥ ಕಂಪೆನಿ ತನ್ನ ಪಟ್ಟಿಯಲ್ಲಿಲ್ಲದ ಮಾದರಿಯ ಫೋನನ್ನು ಒಪ್ಪುವುದಿಲ್ಲ. ತುರ್ತು ಸಂಖ್ಯೆ 000ಕ್ಕೆ 4ಜಿ ಮೂಲಕ ಕರೆ ಮಾಡಲಾಗದ ಫೋನುಗಳನ್ನು ಆಸ್ಟ್ರೇಲಿಯಾದ ಕಂಪೆನಿಗಳು ತಡೆಯುತ್ತವೆ, ಅವುಗಳಲ್ಲಿ ಹೊರದೇಶದಲ್ಲಿ ಕೊಂಡವೂ ಇವೆ. ಹಂಪನಕಟ್ಟೆಯಲ್ಲಿ ಕೊಂಡ ಅಗ್ಗದ ಫೋನ್ ಇಲ್ಲಿ ಚೆನ್ನಾಗಿ ನಡೆದ ಮಾತ್ರಕ್ಕೆ ಅಲ್ಲೂ ನಡೆಯಬೇಕೆಂದಿಲ್ಲ. ಆ ದೇಶಗಳಿಗೆ ಹೋಗುವವರು ಸಿಮ್ಮಿನ ಬೆಲೆ ಕೇಳುವ ಮೊದಲು, ತಮ್ಮ ಫೋನಿನ ಮಾದರಿಯನ್ನು ಮಕ್ಕಳಿಗೆ ಕಳಿಸಿ ಅಲ್ಲಿನ ಕಂಪೆನಿಯ ಪಟ್ಟಿಯಲ್ಲಿ ನೋಡಿಸಬೇಕು.

ಈ ಮಾತಿಗೆ ಆಕ್ಷೇಪಗಳು ಬರುತ್ತವೆ ಎಂಬುದು ಗೊತ್ತು. ‘ಇದೆಲ್ಲ ಮಕ್ಕಳು ನೋಡಿಕೊಳ್ಳುತ್ತಾರೆ, ಸಿಮ್ ತಂದಿಟ್ಟಿರುತ್ತಾರೆ’ ಎಂಬುದು ಮೊದಲನೆಯದು. ಅಲ್ಲಿನ ಸಿಮ್ಮಿನ ಮಟ್ಟಿಗೆ ಇದು ಬಹುಪಾಲು ನಿಜ, ಮಗನ ಹೆಸರಿನ ಸಿಮ್ಮನ್ನು ಮನೆಯೊಳಗೆ ಬಳಸುವುದರಲ್ಲಿ ದೊಡ್ಡ ಅಪಾಯವೂ ಇಲ್ಲ. ಆದರೆ ಮಗ ಎಷ್ಟೇ ಜಾಣನಾದರೂ ಊರಿನ ನಂಬರಿನ ಕೆವೈಸಿ, ಕಳೆದುಹೋದ ಸಿಮ್ಮಿನ ಬದಲಿ ಇವನ್ನು ಶಾರ್ಜಾದಲ್ಲಿ ಕೂತು ಮಾಡಿಸಲಾರ. ಆ ಕೆಲಸಕ್ಕೆ ನಿಮ್ಮ ಮುಖವೋ ಬೆರಳೋ ಬೇಕು, ಅದೂ ಇಲ್ಲಿ. ಪರಿಚಯದವರ, ಏಜೆಂಟರ ಹೆಸರಿನ ಸಿಮ್ ಮಾತ್ರ ಬೇಡವೇ ಬೇಡ. ಆ ನಂಬರಿನಿಂದ ಹಿಂದೆ ಏನಾಗಿದೆಯೋ ಯಾರಿಗೆ ಗೊತ್ತು? ಇಲ್ಲಿಂದ ನಿಮ್ಮ ಹೆಸರಿನ ಸಿಮ್ಮನ್ನು ಇನ್ನೊಬ್ಬರಿಗೆಂದು ಒಯ್ದುಕೊಡುವುದೂ ಬೇಡ. ಭಾರತದ ಸಿಮ್ಮುಗಳು ಇಂಥ ಉಪಕಾರಗಳಿಂದಲೂ ಹೊರದೇಶದಲ್ಲಿ ಆನ್‌ಲೈನ್ ವಂಚಕರ ಕೈಗೆ ಸಿಗಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರು ಇವೆಯೆಂದು ನೋಡಲು 2023ರ ಮೇಯಲ್ಲಿ ಶುರುವಾದ ಸಂಚಾರ್ ಸಾಥಿ ಪೋರ್ಟಲ್ ಇದೆ. ಹೊರಡುವ ಮೊದಲು ಒಮ್ಮೆ ನೋಡಿ.

ಎರಡನೇ ಆಕ್ಷೇಪ ತರುಣರದು: ‘ಆಪ್‌ನಲ್ಲಿ ಇ-ಸಿಮ್ ಕೊಂಡರೆ ಇಳಿದ ಕೂಡಲೇ ನೆಟ್ ಸಿಗುತ್ತದೆ, ಅಗ್ಗವೂ ಹೌದು.’ ಅಗ್ಗ ಎಂಬುದು ಅನೇಕ ಸಲ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ. ಸ್ಥಳೀಯ ನಂಬರು ಇರುವುದಿಲ್ಲ. ಟ್ಯಾಕ್ಸಿಯವನು, ಕ್ಲಿನಿಕ್ಕಿನವರು, ಕಟ್ಟಡದ ವಾಚ್‌ಮ್ಯಾನ್ ನಿಮಗೆ ಕರೆ ಮಾಡುವಂತಿಲ್ಲ. ಇನ್ನು, ವಿದೇಶಿ ಕಂಪೆನಿಯ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದ ಕಾರಣಕ್ಕೆ 2024ರ ಜನವರಿಯಲ್ಲಿ ಇಲಾಖೆಯ ಸೂಚನೆಯಂತೆ ಏರಾಲೊ, ಹೋಲಾಫ್ಲೈ ಆಪ್‌ಗಳನ್ನು ಆಪಲ್ ಮತ್ತು ಗೂಗಲ್ ಭಾರತದ ತಮ್ಮ ಆಪ್ ಅಂಗಡಿಗಳಿಂದ ತೆಗೆದವು. ಟಿಕೆಟ್ ಮಾಡಿಕೊಡುವ ಟ್ರಾವೆಲ್ ಏಜೆನ್ಸಿ ವಿದೇಶಿ ಸಿಮ್ ಕೊಡುತ್ತೇವೆ ಎಂದರೆ ಅದನ್ನು ಮಾರುವ ಕಂಪೆನಿಗೆ ಆ ಪತ್ರ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ‘ಒಟಿಪಿ ಕಾಲವೇ ಮುಗಿಯುತ್ತಿದೆ, ವಿದೇಶಿ ನಂಬರಿನಲ್ಲೂ ಯುಪಿಐ ಬಂದಿದೆ, ಊರಿನ ಸಿಮ್ಮಿಗೆ ಇಷ್ಟು ಚಿಂತೆ ಯಾಕೆ?’ 2023ರ ಜನವರಿಯಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರಿಗೆ ಯುಪಿಐ ಅವಕಾಶ ಸಿಕ್ಕಿದ್ದು ನಿಜ. ಅದು ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ. ನಿಮ್ಮ ಮಗನಿಗೆ ಅನುಕೂಲವಾದೀತು. ಫಳ್ನೀರಿನಲ್ಲಿ ವಾಸವಿದ್ದು ಉಳಿತಾಯ ಖಾತೆ ಇಟ್ಟಿರುವ ನಿಮಗಲ್ಲ. ಎಸ್‌ಎಂಎಸ್ಸಿಗೆ ಬದಲಿ ದೃಢೀಕರಣ ತರಲು ಬ್ಯಾಂಕುಗಳಿಗೆ ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನಗಳು 2026ರ ಏಪ್ರಿಲ್ 1ರಿಂದ ಎಂದು ನಿಗದಿಯಾದವು. ಆದರೆ ಅವಕಾಶ ಕೊಟ್ಟ ಮಾತ್ರಕ್ಕೆ ಎಲ್ಲ ಬ್ಯಾಂಕುಗಳೂ ಬದಲಾಗುವುದಿಲ್ಲ. ಬದಲಿಯಾಗಿ ಬರುವ ಆಪ್‌ಗಳೂ ಮೊದಲ ಸಲ ನೋಂದಾಯಿಸುವಾಗ ಸಾಮಾನ್ಯವಾಗಿ ನೋಡುವುದು ಅದೇ ಸಿಮ್ಮನ್ನು. ಆಧಾರ್ ಒಟಿಪಿಯಂತೂ ಭಾರತದ ನಂಬರಿಗೆ ಮಾತ್ರ ಬರುತ್ತದೆ. ಹಾಗಾಗಿ ನಂಬರಿನ ಮೇಲಿನ ಭಾರ ಇಳಿಯುವ ದಿನ ಬಂದರೂ ನಿಮ್ಮ ಈ ಸಲದ ಪ್ರಯಾಣಕ್ಕೆ ಮೊದಲು ಬರುವುದಿಲ್ಲ.

ನಾನು ಹೇಳುವುದು ಇಷ್ಟೇ. ಎರಡು ನಂಬರಿಗೆ ಎರಡು ಕೆಲಸ ಹಂಚಿ: ಊರಿನದು ಗುರುತಿಗೆ, ಅಲ್ಲಿನದು ಮಾತಿಗೆ. ಅಲ್ಲಿನ ಸಿಮ್ಮಿನಲ್ಲಿ ಹತ್ತು ದಿರ್ಹಮ್ ಹೆಚ್ಚು ಹೋದರೆ ಮಗ ಕೊಡುತ್ತಾನೆ. ಊರಿನ ನಂಬರು ಕೈತಪ್ಪಿದರೆ ಯಾರೂ ಕೊಡಿಸಲಾರರು. ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳೂ ನಿಮ್ಮಲ್ಲೇ ಇದ್ದೀರಿ. ಮುಂದಿನ ಸಭೆಯಲ್ಲಿ ಲಿಫ್ಟು, ನೀರಿನ ಟ್ಯಾಂಕರಿನ ಚರ್ಚೆ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಹೊರಡುವವರ ಫೋನನ್ನು ಅಲ್ಲೇ ತೆರೆದು ವ್ಯಾಲಿಡಿಟಿಯ ಕೊನೆಯ ದಿನ, ರೋಮಿಂಗ್ ಸೇವೆ, ಎರಡನೇ ಸಿಮ್ಮಿನ ಜಾಗ ಈ ಮೂರನ್ನು ನೋಡಿ. ಮೂರೂ ಸರಿಯಿದ್ದರೆ ಧೈರ್ಯವಾಗಿ ಬಜ್ಪೆಗೆ ಕಾರು ಹತ್ತಲಿ. ಒಂದು ತಪ್ಪಿದ್ದರೂ ಅದನ್ನು ಸರಿಪಡಿಸುವ ಕೌಂಟರ್ ಮಂಗಳೂರಿನಲ್ಲಿದೆ, ವಿಮಾನ ಇಳಿಯುವ ಊರಿನಲ್ಲಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಫಳ್ನೀರಿನ ಒಬ್ಬ ನಿವಾಸಿ